ಇಂಧನ ಸಂಶೋಧನೆಯ ಸಹಯೋಗವೂ ಗುಡ್ಡದೂರಿನ ಒಲೆಯೂ



2023ರ ಜುಲೈ ತಿಂಗಳಿನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಶೆರ್ಪಾಗಳ ಸಭೆ ನಡೆಯಿತು. ಶೆರ್ಪಾ ಎಂಬುದು ಮೂಲತಃ ಹಿಮಾಲಯದ ಒಂದು ಗುಡ್ಡಗಾಡು ಜನಾಂಗದ ಹೆಸರು. ಪರ್ವತವೇರುವವರ ಹೊರೆ ಹೊತ್ತು ದಾರಿ ತೋರುವವರೆಂದು ಅವರು ಪ್ರಸಿದ್ಧರು. ರಾಷ್ಟ್ರನಾಯಕರ ಪರವಾಗಿ ಮಾತುಕತೆಯ ಹೊರೆ ಹೊರುವ ಪ್ರತಿನಿಧಿಗಳಿಗೂ ಅದೇ ಹೆಸರು ಬಂದಿದೆ. ಆ ಮಾತುಕತೆಗಳ ಫಲವಾಗಿ ಸೆಪ್ಟೆಂಬರ್ ತಿಂಗಳಿನಲ್ಲಿ ಹೊರಬಂದ ನವದೆಹಲಿ ಘೋಷಣೆಯಲ್ಲಿ, 2030ರ ವೇಳೆಗೆ ಜಗತ್ತಿನ ನವೀಕರಿಸಬಹುದಾದ ಇಂಧನದ ಸಾಮರ್ಥ್ಯವನ್ನು ಮೂರು ಪಟ್ಟು ಹೆಚ್ಚಿಸುವ ಪ್ರಯತ್ನಕ್ಕೆ ಬೆಂಬಲ ಸೂಚಿಸಲಾಗಿದೆ.

ಅದೇ ಜುಲೈನಲ್ಲಿ, ಹಂಪಿಯಲ್ಲಿಯೇ ಸೇರಿದ್ದ ಸಂಸ್ಕೃತಿ ಕಾರ್ಯತಂಡದ ಸಭೆಯ ವೇಳೆ, ಸಂಡೂರಿನ ಲಂಬಾಣಿ ಮಹಿಳೆಯರ 1755 ಕಸೂತಿ ಕೆಲಸಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕಸೂತಿ ಹಾಕಿದ ಕೈಗಳೇ ಮನೆಗೆ ಮರಳಿ ಒಲೆ ಹೊತ್ತಿಸುತ್ತವೆ. ರಾಷ್ಟ್ರಗಳ ನಡುವಿನ ಒಪ್ಪಂದವು ಆ ಒಲೆಯನ್ನು ತಲಪುವ ದಾರಿ ಯಾವುದು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ವಿಶ್ವಸಂಸ್ಥೆಯ ಸುಸ್ಥಿರ ಇಂಧನ ಗುರಿಯ ಬಗ್ಗೆ 2025ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರದಿಯ ಪ್ರಕಾರ, 2023ರಲ್ಲಿ ಜಗತ್ತಿನ 66 ಕೋಟಿಗೂ ಹೆಚ್ಚು ಜನರಿಗೆ ವಿದ್ಯುತ್ ಇರಲಿಲ್ಲ. ಹೊಗೆಯಿಲ್ಲದ ಅಡುಗೆ ಇಂಧನ ದೊರೆಯದವರ ಸಂಖ್ಯೆಯಾದರೋ ಸುಮಾರು 210 ಕೋಟಿ. ದೀಪದ ಕೊರತೆಗಿಂತ ಒಲೆಯ ಕೊರತೆ ಮೂರು ಪಟ್ಟು ದೊಡ್ಡದು. ಆದರೂ ಇಂಧನವೆಂದೊಡನೆ ಮೆಗಾವ್ಯಾಟ್‌ಗಳ ಲೆಕ್ಕವೇ ಮೊದಲು ಕೇಳಿಬರುತ್ತದೆ.

ಈ ಭಾಗಕ್ಕೆ ಮೆಗಾವ್ಯಾಟ್ ಹೊಸದಲ್ಲ. ತುಂಗಭದ್ರಾ ಅಣೆಕಟ್ಟೆಯ ಬಳಿ ಹಾಗೂ ಹಂಪಿಯ ಬಳಿ ಇರುವ ಎರಡು ಜಲವಿದ್ಯುದಾಗಾರಗಳ ಸಾಮರ್ಥ್ಯ ಒಟ್ಟು 72 ಮೆಗಾವ್ಯಾಟ್. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಸೌರವಿದ್ಯುತ್ತನ್ನು ಬಳಸತೊಡಗಿದೆ. ಆದರೆ ಸಂಡೂರಿನ ಗುಡ್ಡಗಳ ಅಂಚಿನ ತಾಂಡಾಗಳಲ್ಲಿ ಕಟ್ಟಿಗೆಯ ಹೊರೆ ಇಂದಿಗೂ ತಲೆಯ ಮೇಲಿಂದ ಇಳಿದಿಲ್ಲ. ಸಿಲಿಂಡರ್ ಇರುವ ಬಡವರ ಮನೆಯಲ್ಲಿಯೂ ಕೈಯಲ್ಲಿ ದುಡ್ಡಿಲ್ಲದ ತಿಂಗಳು ಕಟ್ಟಿಗೆ, ಕುಳ್ಳುಗಳೇ ಉರಿಯುತ್ತವೆ. ಉತ್ಪಾದನೆ ಹೆಚ್ಚಿದ ಮಾತ್ರಕ್ಕೆ ಇಂಧನವು ಬೇಕಾದವರ ಮನೆ ಸೇರುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಸತ್ಯವನ್ನು ಬಹಳ ಹಿಂದೆಯೇ ಗುರುತಿಸಿದವರು ಕರ್ನಾಟಕದಲ್ಲಿದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಅಡುಗೆ ಮಾಡುವ ಅಸ್ತ್ರ ಒಲೆಯನ್ನು ರೂಪಿಸಿದ ಕೇಂದ್ರವಿದು. ಅದರ ವಿಜ್ಞಾನಿಗಳು ಯಂತ್ರ ತಯಾರಿಸುವ ಮೊದಲು ಹಳ್ಳಿಗಳಿಗೆ ಹೋಗಿ, ಯಾವ ಮನೆಯಲ್ಲಿ ಎಷ್ಟು ಕಟ್ಟಿಗೆ ಉರಿಯುತ್ತದೆ, ಅದನ್ನು ತರಲು ಯಾರು ಎಷ್ಟು ಹೊತ್ತು ನಡೆಯುತ್ತಾರೆ ಎಂಬುದನ್ನು ಅಳೆದರು. ಹಳ್ಳಿಯ ಇಂಧನದಲ್ಲಿ ಬಹುಪಾಲು ಕಟ್ಟಿಗೆಯೇ ಎಂಬುದೂ, ಅದರ ಬೆಲೆಯನ್ನು ಹೆಂಗಸರೂ ಮಕ್ಕಳೂ ದುಡಿಮೆಯ ರೂಪದಲ್ಲಿ ತೆರುತ್ತಾರೆಂಬುದೂ ಆಗ ಅಂಕಿಗಳಲ್ಲಿ ಸಿದ್ಧವಾಯಿತು.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಅನುಭವ ಇನ್ನೂ ಬೋಧಪ್ರದವಾದುದು. ವಿಜ್ಞಾನಿಗಳು ಅಲ್ಲಿ ಸಾಮೂಹಿಕ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದ್ದು ಅಡುಗೆಗಾಗಿ. ಆದರೆ ಊರಿನ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ದೊರೆಯಲಿಲ್ಲ. ಜನರನ್ನು ಕೇಳಿದಾಗ ಮೊದಲು ಬೇಕಾದದ್ದು ಕುಡಿಯುವ ನೀರು ಎಂಬ ಉತ್ತರ ಬಂತು. ಯೋಜನೆಯನ್ನೇ ಬದಲಿಸಲಾಯಿತು. 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ಕೊಳವೆಬಾವಿಯ ನೀರನ್ನು ಎತ್ತಿ ನಲ್ಲಿಗಳಿಗೆ ಹರಿಸಲಾಯಿತು, ಮನೆಗಳಿಗೆ ದೀಪವನ್ನೂ ಕೊಡಲಾಯಿತು. ಸಗಣಿ ತಂದುಕೊಟ್ಟವರಿಗೆ ಕೂಲಿ ದೊರೆಯಿತು, ಬಗ್ಗಡ ಗೊಬ್ಬರವಾಗಿ ಅವರಿಗೇ ಮರಳಿತು. ಸಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಅದರ ಸಾರಜನಕ ಹೊಗೆಯಾಗಿ ಹೋಗುತ್ತದೆ. ಬಗ್ಗಡದಲ್ಲಾದರೆ ಅದು ಉಳಿದು ಹೊಲ ಸೇರುತ್ತದೆ. ಪುರದ ವ್ಯವಸ್ಥೆ ಸುಮಾರು ಒಂದು ದಶಕ ನಡೆಯಿತು. ಸ್ಥಾವರ ನಿಂತಿತಾದರೂ ಅದು ಕಲಿಸಿದ ಪಾಠ ಹಳತಾಗಿಲ್ಲ.

ಹಳ್ಳಿಯಲ್ಲಿ ಕಲಿತ ಪಾಠ ಹೊರದೇಶಗಳ ಸಂಶೋಧಕರನ್ನೂ ಮುಟ್ಟಿತು. ರೆಡ್ಡಿಯವರು ಬ್ರೆಜಿಲಿನ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೋಹಾನ್ಸನ್, ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅವರೊಡನೆ ಸೇರಿ ಬರೆದ ಸುಸ್ಥಿರ ಜಗತ್ತಿನ ಇಂಧನ ಕುರಿತ ಗ್ರಂಥ 1988ರಲ್ಲಿ ಪ್ರಕಟವಾಯಿತು. ಎಷ್ಟು ಇಂಧನ ಉತ್ಪಾದಿಸಬೇಕು ಎಂಬುದಕ್ಕಿಂತ ಮುಂಚೆ, ಅಡುಗೆ, ಬೆಳಕು, ನೀರು ಮುಂತಾದ ಯಾವ ಸೇವೆ ಯಾರಿಗೆ ಬೇಕು ಎಂದು ಕೇಳಬೇಕೆಂಬುದು ಆ ನಾಲ್ವರ ವಾದ. 2000ದಲ್ಲಿ ವೋಲ್ವೋ ಪರಿಸರ ಪ್ರಶಸ್ತಿ ಅವರಿಗೆ ಒಟ್ಟಾಗಿ ಸಂದಿತು. ವಿಜ್ಞಾನ ಸಂಸ್ಥೆಯಲ್ಲಿಯೇ ರೂಪುಗೊಂಡ, ಕಟ್ಟಿಗೆಯ ಚೂರುಗಳಿಂದ ಅನಿಲ ತೆಗೆಯುವ ಗ್ಯಾಸಿಫೈಯರ್ ಯಂತ್ರವನ್ನು ಸ್ವಿಟ್ಜರ್ಲೆಂಡಿನ ತಜ್ಞರು ಬೆಂಗಳೂರಿನ ತಜ್ಞರೊಡನೆ ಪರೀಕ್ಷಿಸಿದರು. ಅದರ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಜ್ಞಾನವೆಂಬುದು ಸದಾ ಶ್ರೀಮಂತ ದೇಶದಿಂದ ಬಡ ದೇಶಕ್ಕೆ ಮಾತ್ರ ಹರಿಯುವ ನೀರಲ್ಲ.

ಇದೇ ತಂತ್ರಜ್ಞಾನವನ್ನು ಹಳ್ಳಿಗಳ ಗುಂಪಿಗೆ ವಿಸ್ತರಿಸಲು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹಾಗೂ ಜಾಗತಿಕ ಪರಿಸರ ನಿಧಿಯ ನೆರವಿನಿಂದ ತುಮಕೂರು ಜಿಲ್ಲೆಯಲ್ಲಿ ಗ್ರಾಮೀಣ ಜೈವಿಕ ಇಂಧನ ಯೋಜನೆ 2001ರ ನಂತರ ನಡೆಯಿತು. ಕಬ್ಬಿಗೆರೆಯಲ್ಲಿ ಗ್ರಾಮ ಪಂಚಾಯಿತಿಯ ಸ್ಥಾವರದಿಂದ ಹುಟ್ಟಿದ ವಿದ್ಯುತ್ ಸರ್ಕಾರಿ ಜಾಲಕ್ಕೆ ಹರಿಯಿತು. ಹೊರಗಿನ ಹಣವು ಪಂಚಾಯಿತಿಯ ಕೈಗೆ ಯಂತ್ರವನ್ನು ಕೊಡಬಲ್ಲದು. ಆದರೆ ಪ್ರತಿದಿನ ಒಣಕಟ್ಟಿಗೆ ಒದಗಿಸುವ ನೆಡುತೋಪು, ಕೆಟ್ಟರೆ ರಿಪೇರಿ ಮಾಡುವ ಸ್ಥಳೀಯ ಕೈ, ಯೂನಿಟ್ಟಿಗೆ ನ್ಯಾಯವಾದ ದರ, ಈ ಮೂರೂ ಇಲ್ಲದಿದ್ದರೆ ಯಂತ್ರ ಉಳಿಯುವುದಿಲ್ಲ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪ್ರದೇಶಕ್ಕೆ ಇದರಿಂದ ಏನು ತಿಳಿಯುತ್ತದೆ? ಕಂಪ್ಲಿಯ ಬಯಲಿನಲ್ಲಿ ಭತ್ತ ಮತ್ತು ಕಬ್ಬು ಇವೆ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟು. ಕಬ್ಬಿನ ಗದ್ದೆಯಲ್ಲಿ ರವದಿ ಸುಟ್ಟುಹೋಗುತ್ತದೆ. ಸಂಡೂರಿನ ಗುಡ್ಡಗಳ ಮೇಲೆ ಗಾಳಿಯಿದೆ, ಬಿಸಿಲಂತೂ ಎಲ್ಲೆಡೆ ಧಾರಾಳ. ಆದರೆ ಗುಡ್ಡವೆಂದರೆ ಬರಿದಾದ ಜಾಗವಲ್ಲ. ಅದು ದನಕರುಗಳ ಹುಲ್ಲು, ಹಳ್ಳಗಳ ಮೂಲ. ಗಣಿಗಾರಿಕೆಯಿಂದ ನೊಂದ ಈ ಗುಡ್ಡಗಳನ್ನು ಹಸಿರು ಇಂಧನದ ಹೆಸರಿನಲ್ಲಿ ಮತ್ತೊಮ್ಮೆ ಕೆಡಿಸಿದರೆ ಅದನ್ನು ಪರಿಹಾರವೆನ್ನಲಾಗದು.

ಆದ್ದರಿಂದ ಯಾವ ದೇಶದ, ಯಾವ ವಿಶ್ವವಿದ್ಯಾಲಯದ ಯೋಜನೆ ಊರಿಗೆ ಬಂದರೂ ಗ್ರಾಮಸಭೆ ಕೇಳಬೇಕಾದ ಪ್ರಶ್ನೆಗಳಿವೆ. ಪರಿಹರಿಸಬೇಕಾದ ಸಮಸ್ಯೆ ಯಾವುದೆಂದು ನಿರ್ಧರಿಸಿದವರು ಯಾರು? ಜಾಗ ಯಾರದು, ಅದರ ಮೇಲೆ ಈಗ ಯಾರ ಬದುಕು ನಿಂತಿದೆ? ನೆರವಿನ ಹಣ ಮುಗಿದ ಮರುವರ್ಷ ಯಂತ್ರವನ್ನು ನೋಡಿಕೊಳ್ಳುವವರು ಯಾರು? ಸಂಗ್ರಹಿಸಿದ ಮಾಹಿತಿ ಕನ್ನಡದಲ್ಲಿ ಊರಿಗೆ ಮರಳುವುದೇ?

ಉತ್ತರ ಪಡೆಯಲು ಊರಿನ ಕೈಯಲ್ಲಿ ತನ್ನದೇ ಲೆಕ್ಕವಿರಬೇಕು. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ತೂಗುತಕ್ಕಡಿ, ಒಂದು ನೋಟ್‌ಬುಕ್ ಸಾಕು. ವಿದ್ಯಾರ್ಥಿಗಳು ಏಳು ದಿನಗಳ ಕಾಲ ಹತ್ತು ಮನೆಗಳ ಕಟ್ಟಿಗೆಯನ್ನು ತೂಗಲಿ. ಕಟ್ಟಿಗೆಗೂ ನೀರಿಗೂ ಹೋಗಿಬರುವ ಹೊತ್ತು, ದನಗಳ ಸಂಖ್ಯೆ, ಸಗಣಿಯ ತೂಕ, ಕರೆಂಟ್ ಇದ್ದ ಗಂಟೆಗಳನ್ನು ಬರೆದಿಡಲಿ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಇದನ್ನು ಮಾಡಿ, ಮನೆಯ ಹೆಂಗಸರ ಮುಂದೆಯೇ ಓದಿ, ತಪ್ಪಿದ್ದರೆ ತಿದ್ದಿ, ಗ್ರಾಮಸಭೆಯ ದಾಖಲೆಗೆ ಸೇರಿಸಲಿ. ಆ ಪುಸ್ತಕವಿರುವ ಊರಿಗೆ ನಾಳೆ ಬರುವ ವಿಜ್ಞಾನಿ ಉಪದೇಶಕನಾಗಿ ಬರಲಾರ, ಸಹಭಾಗಿಯಾಗಿಯೇ ಬರಬೇಕಾಗುತ್ತದೆ.