ಒಂದು ಊರು, ಎರಡು ಚೆಂಡು, ಒಂದೇ ಮೈದಾನ
(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ಭಾಷಣ ಆಟದ ಮೈದಾನವೊಂದರ ಬಗ್ಗೆ ಎಂದು ಕರಪತ್ರದಲ್ಲಿ ಓದಿ ಕೆಲವರು ನಕ್ಕರಂತೆ. ಬೋನಸ್ಸಿನ ಮಾತು ಬಿಟ್ಟು ಚೆಂಡಾಟದ ಮಾತೇಕೆ ಎಂದರಂತೆ. ನಾನು ಹೇಳಹೊರಟ ಕಥೆ ಶುರುವಾಗುವುದೇ ಕೂಲಿಯ ಜಗಳದಿಂದ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ.

ಇಂಗ್ಲೆಂಡಿನ ಉತ್ತರದಲ್ಲಿ ಯಾರ್ಕ್‌ಷೈರ್ ಎಂಬ ಸೀಮೆ. ಅಲ್ಲಿ ಕೋಲ್ನ್ ಎಂಬ ಹೊಳೆಯ ದಂಡೆಯಲ್ಲಿ ಹಡರ್ಸ್‌ಫೀಲ್ಡ್ ಎಂಬ ಊರು. ನಮ್ಮ ದಾವಣಗೆರೆಗೆ ಹತ್ತಿ ಹೇಗೋ ಆ ಊರಿಗೆ ಉಣ್ಣೆ ಹಾಗೆ. ನೂಲುವವರು, ನೇಯುವವರು, ಬಣ್ಣ ಹಾಕುವವರು, ಇವರಿಂದಲೇ ಆ ಊರು ಬೆಳೆಯಿತು. 1850ರ ಕಾರ್ಖಾನೆ ಕಾಯಿದೆ ಬಂದ ಮೇಲೆ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬಟ್ಟೆ ಗಿರಣಿಗಳು ನಿಲ್ಲಬೇಕಾಯಿತು. ಆ ಅರ್ಧ ದಿನದ ಬಿಡುವು ಸಿಕ್ಕಿದ್ದರಿಂದಲೇ ಕೂಲಿಯವನು ಮೈದಾನಕ್ಕೆ ಬಂದ. ಆಡಲಿಕ್ಕೂ ಬಂದ, ನೋಡಲಿಕ್ಕೂ ಬಂದ.

ಆಗ ಅಲ್ಲಿ ಜನ ಮೆಚ್ಚಿದ ಆಟ ರಗ್ಬಿ. ನೋಡದವರಿಗಾಗಿ ಹೇಳುತ್ತೇನೆ: ಫುಟ್ಬಾಲಿನ ಚೆಂಡು ಗುಂಡಗೆ, ಕಾಲಿನಲ್ಲಿ ಒದೆಯುವಂಥದು. ರಗ್ಬಿಯ ಚೆಂಡು ಸುಲಿದ ತೆಂಗಿನಕಾಯಿಯ ಹಾಗೆ ಉದ್ದುದ್ದ. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಎದುರಾಳಿಗಳು ಹಿಡಿದು ಕೆಡವುತ್ತಾರೆ. ಮೈಗೆ ಬಲ ಬೇಕು. ಗಣಿಯವನಿಗೂ ಗಿರಣಿಯವನಿಗೂ ಅದು ಇತ್ತು.

ಆದರೆ ಆಟದ ಆಡಳಿತ ಲಂಡನ್ನಿನವರ ಕೈಯಲ್ಲಿತ್ತು. ದೊಡ್ಡ ದೊಡ್ಡ ಖಾಸಗಿ ಶಾಲೆಗಳಲ್ಲಿ ಓದಿದ ವಕೀಲರು, ವೈದ್ಯರು, ಜಮೀನುದಾರರ ಮಕ್ಕಳು. ಆಟಕ್ಕೆ ಹಣ ಮುಟ್ಟಬಾರದೆಂದು ಅವರ ನಿಯಮ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ ನೋಡಿ. ಪರ ಊರಿನಲ್ಲಿ ಪಂದ್ಯವಿದ್ದರೆ ಶನಿವಾರ ಬೆಳಿಗ್ಗೆಯೇ ರೈಲು ಹತ್ತಬೇಕು. ವಕೀಲನ ಮಗನಿಗೆ ಅದರಿಂದ ನಷ್ಟವಿಲ್ಲ. ಮಗ್ಗದ ಮುಂದಿನವನಿಗೆ ಆ ಹೊತ್ತಿನ ಕೂಲಿ ಹೋಯಿತು. ಕೈ ಮುರಿದರಂತೂ ವಾರಗಟ್ಟಲೆ ಒಲೆ ಹೊತ್ತುವುದಿಲ್ಲ. ಆದ್ದರಿಂದ ಯಾರ್ಕ್‌ಷೈರಿನವರು 1893ರಲ್ಲಿ ಲಂಡನ್ನಿನ ಸಭೆಯಲ್ಲಿ ಒಂದು ಠರಾವು ಮಂಡಿಸಿದರು. ಆಟಕ್ಕೆ ಸಂಬಳ ಬೇಡ, ತಪ್ಪಿದ ಕೂಲಿಯನ್ನಾದರೂ ತುಂಬಿಕೊಡಲು ಒಪ್ಪಿ ಎಂದು. ಪರವಾಗಿ 136, ವಿರುದ್ಧ 282 ಮತ. ಠರಾವು ಬಿತ್ತು.

ಎರಡು ವರ್ಷ ಕಳೆದು 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್ಬುಗಳ ಪ್ರತಿನಿಧಿಗಳು ಇದೇ ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ, ಹಳೆಯ ಸಂಘದಿಂದ ಹೊರಬಂದು ತಮ್ಮದೇ ನಾರ್ದರ್ನ್ ಯೂನಿಯನ್ ಕಟ್ಟಿದರು. ತಪ್ಪಿದ ಕೂಲಿಗೆ ದಿನಕ್ಕೆ ಆರು ಶಿಲಿಂಗು ಎಂದು ಗೊತ್ತುಮಾಡಿದರು. ಆ ಆರು ಶಿಲಿಂಗಿಗಾಗಿ ಒಂದು ಆಟವೇ ಎರಡು ಹೋಳಾಯಿತು! ಹೊರಬಂದವರ ಆಟಕ್ಕೆ ಮುಂದೆ ರಗ್ಬಿ ಲೀಗ್ ಎಂದು ಹೆಸರು. 1906ರಿಂದ ತಂಡಕ್ಕೆ ಹದಿನೈದರ ಬದಲು ಹದಿಮೂರೇ ಆಟಗಾರರು. ಹಳಬರದು ರಗ್ಬಿ ಯೂನಿಯನ್. ಉತ್ತರದವರ ಜೊತೆ ಆಡಿದವನಿಗೆ ಅವರು ಬಾಗಿಲು ಮುಚ್ಚಿಬಿಟ್ಟರು. ಅದೊಂದು ಜಾತಿಬಹಿಷ್ಕಾರವೇ ಸರಿ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಆ ಹೋಟೆಲಿನಲ್ಲಿ ಸೇರಿದವರು ಕೂಲಿಗಾರರಲ್ಲ. ಕ್ಲಬ್ಬುಗಳನ್ನು ನಡೆಸುತ್ತಿದ್ದವರಲ್ಲಿ ಗಿರಣಿ ಮಾಲೀಕರೂ ವ್ಯಾಪಾರಸ್ಥರೂ ಇದ್ದರು. ಬಾಗಿಲಲ್ಲಿ ಬರುವ ಟಿಕೆಟ್ಟಿನ ಹಣದ ಮೇಲೆ ಅವರ ಕಣ್ಣಿತ್ತು. 1898ರಲ್ಲಿ ಸಂಬಳಕ್ಕೆ ಒಪ್ಪಿದಾಗಲೂ ಆಟಗಾರನಿಗೆ ಬೇರೊಂದು ಕಾಯಂ ಕೆಲಸ ಇರಲೇಬೇಕೆಂದು ಕಟ್ಟು ಹಾಕಿದರು. ಕೂಲಿಯವನ ಹೆಸರಿನಲ್ಲಿ ಗೆದ್ದದ್ದೆಲ್ಲ ಕೂಲಿಯವನ ಕೈಗೆ ಬಂದಿತೆಂದು ಯಾರೂ ತಿಳಿಯಬಾರದು.

ಇನ್ನು ಮೈದಾನಕ್ಕೆ ಬರೋಣ. ಆ ಊರಿನ ರಗ್ಬಿ ತಂಡದ ಮನೆ ಫಾರ್‌ಟೌನ್ ಎಂಬಲ್ಲಿತ್ತು. 1914-15ರ ಒಂದೇ ಋತುವಿನಲ್ಲಿ ನಾಲ್ಕು ಕಪ್ಪುಗಳನ್ನೂ ಬಾಚಿಕೊಂಡ ತಂಡ ಅದು. ಫುಟ್ಬಾಲ್ ತಂಡ ಹಡರ್ಸ್‌ಫೀಲ್ಡ್ ಟೌನ್ ಹುಟ್ಟಿದ್ದು 1908ರಲ್ಲಿ. ಅದರ ಮನೆ ಲೀಡ್ಸ್ ರಸ್ತೆಯ ಮೈದಾನ. 1924, 1925, 1926, ಹೀಗೆ ಮೂರು ವರ್ಷ ಎಡೆಬಿಡದೆ ಇಂಗ್ಲೆಂಡಿನ ಲೀಗ್ ಗೆದ್ದ ಮೊದಲ ತಂಡ ಅದು. 1932ರಲ್ಲಿ ಆರ್ಸೆನಲ್ ವಿರುದ್ಧದ ಒಂದು ಪಂದ್ಯಕ್ಕೆ ಅಲ್ಲಿ 67,037 ಜನ ಸೇರಿದ್ದರು. ಬಹುಮಂದಿ ನಿಂತೇ ನೋಡಿದವರು.

ಕಾಲ ತಿರುಗಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ತಂಡಗಳು ಕೆಳದರ್ಜೆಗೆ ಇಳಿದವು. ಫಾರ್‌ಟೌನಿನ ಕಟ್ಟೆಗಳು ಶಿಥಿಲವಾದವು. ರಗ್ಬಿಯವರು 1984ರಲ್ಲಿ ತಂಡಕ್ಕೆ ಬ್ಯಾರಾಕುಡಾ ಎಂಬ ಮೀನಿನ ಹೆಸರಿಟ್ಟು ಜನರನ್ನು ಸೆಳೆಯಲು ನೋಡಿದರು. ಹೆಸರು ಬದಲಾದರೆ ಸೋರುವ ಮಾಡು ನಿಲ್ಲುತ್ತದೆಯೇ?

1985ರ ಮೇ 11ರಂದು ನೆರೆಯ ಬ್ರಾಡ್‌ಫರ್ಡಿನಲ್ಲಿ ಅನಾಹುತವಾಯಿತು. ಅದೂ ಉಣ್ಣೆ ಗಿರಣಿಗಳ ಊರೇ. ಪಂದ್ಯ ನಡೆಯುತ್ತಿರುವಾಗ ಮರದ ಹಳೆಯ ಗ್ಯಾಲರಿಗೆ ಬೆಂಕಿ ಬಿತ್ತು. ಹಲಗೆಯ ಸಂದಿನ ಕೆಳಗೆ ವರ್ಷಾನುವರ್ಷ ಬಿದ್ದ ಕಸ. ಅದಕ್ಕೊಂದು ಕಿಡಿ ತಾಗಿತು. ಕೆಲವೇ ನಿಮಿಷಗಳಲ್ಲಿ ಇಡೀ ಮಾಡು ಉರಿಯಿತು. ಹಿಂದುಗಡೆಗೆ ಓಡಿದವರಿಗೆ ಬೀಗ ಹಾಕಿದ ಬಾಗಿಲುಗಳು ಎದುರಾದವು. 56 ಜನ ಸತ್ತರು. ಆ ಗ್ಯಾಲರಿಯನ್ನು ಕೆಡವಿ ಹೊಸದು ಕಟ್ಟಲು ತಯಾರಿ ಆಗಿತ್ತು, ಉಕ್ಕು ಕೂಡ ಬಂದು ಬಿದ್ದಿತ್ತು. ನಾಲ್ಕು ವರ್ಷದ ಮೇಲೆ, 1989ರ ಏಪ್ರಿಲ್ 15ರಂದು, ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲು. ಬೇಲಿಗೆ ಒತ್ತಿ ಉಸಿರುಕಟ್ಟಿದವರಲ್ಲಿ ಒಟ್ಟು 97 ಜನರ ಪ್ರಾಣ ಹೋಯಿತು. ಸತ್ತವರು ಟಿಕೆಟ್ಟು ಕೊಂಡು ಬಂದ ನಿಮ್ಮಂಥವರು, ಅವರ ಮಕ್ಕಳು. ನ್ಯಾಯಮೂರ್ತಿ ಟೇಲರ್ ಅವರ 1990ರ ವರದಿ, ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕೂರುವ ಆಸನವಿರಬೇಕೆಂದು ಹೇಳಿತು.

ಹಡರ್ಸ್‌ಫೀಲ್ಡಿನಂಥ ಊರಿಗೆ ಇದರಿಂದ ಬಂದ ಪ್ರಶ್ನೆ ನೇರವಾದದ್ದು: ಎರಡು ಬಡ ಕ್ಲಬ್ಬುಗಳು ಎರಡು ಹಳೆಯ ಮೈದಾನ ರಿಪೇರಿ ಮಾಡಿಸುವುದು ಎಲ್ಲಿಂದ? 1992ರಲ್ಲಿ ರಗ್ಬಿಯವರು ಫಾರ್‌ಟೌನ್ ಬಿಟ್ಟು ಫುಟ್ಬಾಲಿನವರ ಮೈದಾನಕ್ಕೆ ಬಂದು ಸೇರಿದರು. ಕೂಡುಕುಟುಂಬ ಅಲ್ಲಿಂದ ಶುರು. ಅದರ ಹತ್ತಿರವೇ ಹೊಸ ಮೈದಾನ ಕಟ್ಟುವುದೆಂದಾಯಿತು. ಅದಕ್ಕೊಂದು ಕಂಪನಿ: ಕರ್ಕ್ಲೀಸ್ ನಗರಾಡಳಿತದ ಪಾಲು ನೂರಕ್ಕೆ 40, ಫುಟ್ಬಾಲ್ ಕ್ಲಬ್ಬಿನದು 40, ರಗ್ಬಿ ಕ್ಲಬ್ಬಿನದು 20. ಈ ಅಂಕಿಗಳನ್ನು ಗಮನಿಸಬೇಕು. ಆಗ ಯಾರೊಬ್ಬರಿಗೂ ಅರ್ಧದಷ್ಟು ಇರಲಿಲ್ಲ. ಇಬ್ಬರು ಒಪ್ಪದೆ ಒಂದು ಕೆಲಸ ಸಾಗುತ್ತಿರಲಿಲ್ಲ. ನಗರಸಭೆ ಕೊಟ್ಟದ್ದು ಬರೀ ದಾನವಾಗಲಿಲ್ಲ, ಅದಕ್ಕೆ ಬದಲಾಗಿ ಊರಿಗೆ ಪಾಲು ಬಂತು.

1994ರ ಆಗಸ್ಟಿನಲ್ಲಿ ಮೈದಾನ ತೆರೆಯಿತು. ಆಗ ಎರಡೇ ಕಡೆ ಗ್ಯಾಲರಿ; ಹಣ ಬಂದ ಹಾಗೆ ಉಳಿದ ಕಡೆಗಳನ್ನು ಕಟ್ಟಿದರು. ಈಗ ಸುಮಾರು 24,000 ಆಸನ. ಒಂದೊಂದು ಮಾಡಿನ ಮೇಲೂ ಬಿಲ್ಲಿನಂತೆ ಬಾಗಿದ ಉಕ್ಕಿನ ತೊಲೆ. ಅದೇ ಮಾಡನ್ನು ಹೊರುತ್ತದೆ. ನೋಡುವವನ ಕಣ್ಣಿಗೆ ಕಂಬ ಅಡ್ಡ ಬರುವುದಿಲ್ಲ. 1995ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ವರ್ಷದ ಅತ್ಯುತ್ತಮ ಕಟ್ಟಡವೆಂದು ಇದನ್ನೇ ಆರಿಸಿತು. ಹೆಸರನ್ನು ಮಾತ್ರ ಹಣಕ್ಕೆ ಮಾರುತ್ತಾರೆ: ಮೊದಲು ಕಟ್ಟಿದ ಕಂಪನಿಯ ಹೆಸರು, ಆಮೇಲೆ ಔಷಧದ ಕಂಪನಿಯದು, ಆಮೇಲೆ ಒಂದು ಬಿಯರಿನದು. ವರ್ತಕ ಬಂಧುಗಳು ಇನ್ನೊಂದನ್ನೂ ಗಮನಿಸಬೇಕು. ಹಳೆಯ ಲೀಡ್ಸ್ ರಸ್ತೆಯ ಮೈದಾನವಿದ್ದ ಜಾಗದಲ್ಲಿ ದೊಡ್ಡ ದೊಡ್ಡ ಅಂಗಡಿಗಳ ಸಾಲು ಎದ್ದಿತು.

ಒಂದೇ ಹುಲ್ಲಿನಲ್ಲಿ ಎರಡು ಆಟ ನಡೆಯುವುದು ಹೇಗೆ? ಫುಟ್ಬಾಲಿನ ಗೋಲು 24 ಅಡಿ ಅಗಲ, 8 ಅಡಿ ಎತ್ತರ. ರಗ್ಬಿಗೆ ಸುಮಾರು 18 ಅಡಿ ಅಂತರದಲ್ಲಿ ಎತ್ತರದ ಎರಡು ಕಂಬ, ಹತ್ತು ಅಡಿ ಮೇಲೆ ಅಡ್ಡಪಟ್ಟಿ. ಒಂದನ್ನು ಕಿತ್ತು ಇನ್ನೊಂದನ್ನು ನೆಡಬೇಕು, ಹಳೆಯ ಗೆರೆ ಅಳಿಸಿ ಹೊಸದು ಎಳೆಯಬೇಕು. ಹುಲ್ಲು ಸವೆಯುವುದೇ ದೊಡ್ಡ ತಕರಾರು. 1996ರಲ್ಲಿ ರಗ್ಬಿ ಲೀಗ್ ಚಳಿಗಾಲ ಬಿಟ್ಟು ಬೇಸಿಗೆಗೆ ಬಂದದ್ದರಿಂದ ಆ ಭಾರ ಕೊಂಚ ಇಳಿಯಿತು. ಆದರೂ ವಸಂತದಲ್ಲೂ ಆಗಸ್ಟಿನಲ್ಲೂ ಎರಡೂ ಒಟ್ಟಿಗೆ ಬೀಳುತ್ತವೆ. ಆ ಹುಲ್ಲಿಗೆ ಹೆಚ್ಚುಕಡಿಮೆ ಬಿಡುವೇ ಇಲ್ಲದಂತಾಯಿತು. ಇದನ್ನು ಕಾಯುವ ಮಾಲಿಯ ಹೆಸರು ಯಾವ ಕಪ್ಪಿನ ಮೇಲೂ ಕೆತ್ತಿರುವುದಿಲ್ಲ.

ಲಂಡನ್ನಿನ ರಗ್ಬಿ ಯೂನಿಯನ್ನಿನವರು 1995ರಲ್ಲಿ ತಾವೂ ಆಟಕ್ಕೆ ಹಣ ಕೊಡಲು ಒಪ್ಪಿಕೊಂಡರು; ಆರು ಶಿಲಿಂಗಿನ ಜಗಳಕ್ಕೆ ಸರಿಯಾಗಿ ನೂರು ವರ್ಷ. 1999ರ ಅವರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡು ಇಟಲಿಯನ್ನು 101-3ರಿಂದ ಸೋಲಿಸಿತು. ಆ ಪಂದ್ಯ ನಡೆದದ್ದು ಹಡರ್ಸ್‌ಫೀಲ್ಡಿನ ಈ ಮೈದಾನದಲ್ಲೇ, ಅವರ ಸಂಘ ಒಡೆದ ಊರಿನಲ್ಲಿ!

ಎಲ್ಲ ಸುಗಮವಾಯಿತೆಂದು ಹೇಳಲಾರೆ. 2003ರಲ್ಲಿ ಫುಟ್ಬಾಲ್ ಕ್ಲಬ್ಬು ದಿವಾಳಿಯ ಅಂಚಿಗೆ ಬಂತು. ರಗ್ಬಿ ಕ್ಲಬ್ಬಿನ ಮಾಲೀಕರೇ ಅದನ್ನೂ ಕೊಂಡು ಉಳಿಸಿದರು. ಮುಂದೆ ಅವರು ಫುಟ್ಬಾಲ್ ಕ್ಲಬ್ಬನ್ನು ಮಾರಿದಾಗ ಮೈದಾನದ ಆ 40 ಪಾಲು ಅದರ ಜೊತೆಗೆ ಹೋಗಲಿಲ್ಲ. ಅಭಿಮಾನಿಗಳು ಸಿಟ್ಟಿಗೆದ್ದರು, ವರ್ಷಗಟ್ಟಲೆ ತಕರಾರು ನಡೆಯಿತು. ಆ ಗದ್ದಲದ ನಡುವೆ ಜಾಗ ಬಿಟ್ಟು ಕದಲದೆ ಇದ್ದದ್ದು ನಗರಾಡಳಿತದ ಪಾಲು ಒಂದೇ.

ಹೊತ್ತಾಯಿತು. ಪ್ರಶ್ನೆಗಳಿದ್ದರೆ ಕೇಳಬಹುದು, ರಾತ್ರಿ ಪಾಳಿಗೆ ಹೋಗಬೇಕಾದ ಸಂಗಾತಿಗಳು ಮೊದಲು ಕೇಳಲಿ.