ದಪ್ಪ ಉಲ್ಲನ್ ಹೆಣಿಗೆ: ಮೈಗೆ ಬೆಚ್ಚಗೆ, ಕೈಗೆ ಕಾಸು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ತುಂಬುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರಲ್ಲ, ಆ ಬೀಜದ ಸಸಿಗಳಲ್ಲಿ ನಿಮ್ಮ ಸಂಘವೂ ಒಂದು. ಈ ಸಂತೋಷದ ದಿನ ನನ್ನನ್ನು ಕರೆದು, "ನಮ್ಮ ಹೆಣ್ಣುಮಕ್ಕಳಿಗೆ ಚಳಿಗಾಲದ ಹೆಣಿಗೆಯ ವಿಷಯ ನಾಲ್ಕು ಮಾತು ಹೇಳಿ" ಅಂದಿದ್ದೀರಿ. ಹೊಲಿಗೆ, ಹೆಣಿಗೆ ಕಲಿಸುತ್ತ ಬಂದವಳು ನಾನು. ದೊಡ್ಡ ಭಾಷಣ ನನಗೆ ಬಾರದು. ತಿಳಿದದ್ದನ್ನು ಹೇಳುತ್ತೇನೆ.

ಮಾಗಿಯ ಚಳಿಯಲ್ಲಿ ಬೆಳಗಿನ ಐದು ಗಂಟೆಗೆ ಹಾಲಿನ ಕ್ಯಾನು ಹಿಡಿದು ಹೊರಡುವವರನ್ನು, ತೋಟಕ್ಕೆ ನೀರು ಬಿಡಲು ಹೋಗುವವರನ್ನು ನೋಡಿ. ಮೈಗೆ ಸ್ವೆಟರ್ ಇದ್ದರೂ ಇರಬಹುದು. ಕಿವಿ, ಕುತ್ತಿಗೆ, ಕೈಬೆರಳು ಬಯಲಿಗೇ. ಟವೆಲನ್ನೇ ತಲೆಗೆ ಸುತ್ತಿಕೊಂಡು ಹೋಗುತ್ತಾರೆ. ಸ್ವೆಟರ್ ಹೆಣೆಯಲು ವಾರಗಟ್ಟಲೆ ಬೇಕು. ಆದರೆ ಟೋಪಿ, ಮಫ್ಲರ್, ಕೈಚೀಲಗಳನ್ನು ದಪ್ಪ ಉಲ್ಲನ್ನಿನಲ್ಲಿ ಒಂದೆರಡು ಸಂಜೆಗೇ ಮುಗಿಸಬಹುದು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಉಣ್ಣೆ ಯಾಕೆ ಬೆಚ್ಚಗಿರುತ್ತದೆ? ಉಣ್ಣೆಯೇ ಬಿಸಿ ಅಲ್ಲ. ಅದರ ಎಳೆ ಗುಂಗುರು ಗುಂಗುರು. ಆ ಗುಂಗುರಿನ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಾಡದ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ದಪ್ಪ ನೂಲಿನಲ್ಲಿ ಈ ಗಾಳಿ ಹೆಚ್ಚು. ಹಾಗಂತ ತೀರಾ ಬಿಗಿಯಾಗಿ ಹೆಣೆದರೆ ಗಾಳಿಗೆ ಜಾಗವಿಲ್ಲ, ತೀರಾ ಸಡಿಲ ಹೆಣೆದರೆ ಗಾಳಿ ನಿಲ್ಲುವುದಿಲ್ಲ. ಹದ ಬೇಕು. ಉಣ್ಣೆಗೆ ಇನ್ನೊಂದು ಗುಣ: ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗ ತೇವ ಹೀರಿದರೂ ಕೈಗೆ ಒದ್ದೆ ಅನ್ನಿಸದು. ನಮ್ಮ ಕುರಿಗಾಹಿಗಳು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುವುದು ಈ ಗುಣದಿಂದಲೇ.

ಹಾಗಾದರೆ ನಮ್ಮ ಕಂಬಳಿ ಉಣ್ಣೆಯಲ್ಲೇ ಮಫ್ಲರ್ ಹೆಣೆಯಬಾರದೇ ಎಂದು ಕೇಳಬಹುದು. ದಖನಿ ಕುರಿಯ ಉಣ್ಣೆ ಒರಟು, ಕೂದಲಿನಂಥದು. ಅದನ್ನು ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಮಗ್ಗದಲ್ಲಿ ನೇಯ್ದರೆ ಕಂಬಳಿಯಂಥ ಗಟ್ಟಿ ವಸ್ತು ಮತ್ತೊಂದಿಲ್ಲ. ಆದರೆ ಕುತ್ತಿಗೆಗೆ ಸುತ್ತಿದರೆ ಚುಚ್ಚುತ್ತದೆ. ಒಂದೊಂದು ಉಣ್ಣೆಗೆ ಒಂದೊಂದು ಕೆಲಸ. ಹೆಣಿಗೆಗೆ ಮೆತ್ತನೆಯ ಉಣ್ಣೆ ಬೇಕು, ಇಲ್ಲವೆ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ನೂಲು. ನಾವು "ಉಲ್ಲನ್" ಎಂದು ಕೊಳ್ಳುವುದರಲ್ಲಿ ಬಹುಪಾಲು ಅಕ್ರಿಲಿಕ್ಕೇ, ಕುರಿಯದಲ್ಲ. ಅದು ಅಗ್ಗ, ಒಗೆಯುವುದು ಸುಲಭ, ಹುಳು ತಿನ್ನುವುದಿಲ್ಲ. ಆದರೆ ಒಂದು ಎಚ್ಚರಿಕೆ: ಬೆಂಕಿಗೆ ಅದು ಕರಗಿ ಮೈಗೆ ಅಂಟುತ್ತದೆ. ಕುರಿಯ ಉಣ್ಣೆ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ಒಲೆಯ ಮುಂದೆ ಕೂರುವ ಅಜ್ಜಿಯಂದಿರಿಗೆ ಅಕ್ರಿಲಿಕ್ ಶಾಲು, ಮಫ್ಲರ್ ಬೇಡ.

ಈಗ ಕೆಲಸಕ್ಕೆ ಬರೋಣ. ಹೆಣಿಗೆ ಕಡ್ಡಿಗಳ ನಂಬರು ನಮ್ಮಲ್ಲಿ ಹಳೆಯ ಇಂಗ್ಲಿಷ್ ಪದ್ಧತಿಯದು. ನಂಬರು ಹೆಚ್ಚಾದಷ್ಟೂ ಕಡ್ಡಿ ತೆಳು. 10ನೇ ನಂಬರು ಅಂದರೆ ಮೂರೂಕಾಲು ಮಿಲಿಮೀಟರ್, 2ನೇ ನಂಬರು ಅಂದರೆ 7 ಮಿಲಿಮೀಟರ್. ದಪ್ಪ ನೂಲಿಗೆ ಈ 2ನೇ ನಂಬರೇ ಬೇಕು. ಅಂಗಡಿಯಲ್ಲಿ ಸಿಗದಿದ್ದರೆ ಬಲಿತ ಬಿದಿರನ್ನು ಸೀಳಿ, ಅಷ್ಟೇ ದಪ್ಪಕ್ಕೆ ಕೆತ್ತಿ, ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿಕೊಳ್ಳಿ. ದಪ್ಪ ನೂಲೂ ಸಿಗದಿದ್ದರೆ ಸಾಮಾನ್ಯ ಸ್ವೆಟರ್ ನೂಲನ್ನು ಎರಡು ಎಳೆ ಸೇರಿಸಿ ಹೆಣೆಯಿರಿ. ಬೇರೆ ಬೇರೆ ಬಣ್ಣದ ಎರಡು ಎಳೆ ಸೇರಿದರೆ ನೋಡಲೂ ಚೆನ್ನ. ಮನೆಯಲ್ಲಿ ಉಳಿದ ಉಂಡೆಗಳೂ ಖರ್ಚಾಗುತ್ತವೆ.

ಮೊದಲು ನಾಲ್ಕು ಇಂಚಿನ ಮಾದರಿ ಚೌಕ ಹೆಣೆದು, ಅಳೆದು ನೋಡಬೇಕು. ಇದನ್ನು ಯಾರೂ ಬಿಡಬಾರದು. ಒಬ್ಬರ ಕೈ ಬಿಗಿ, ಇನ್ನೊಬ್ಬರ ಕೈ ಸಡಿಲ. ನಾಲ್ಕು ಇಂಚಿಗೆ 13 ಕುಣಿಕೆ ಬರುವ ಹಾಗೆ ಕಡ್ಡಿ ಆರಿಸಿಕೊಳ್ಳಿ. ಹೆಚ್ಚು ಬಂದರೆ ಇನ್ನೂ ದಪ್ಪ ಕಡ್ಡಿ, ಕಡಿಮೆ ಬಂದರೆ ತೆಳು ಕಡ್ಡಿ.

ಮಫ್ಲರಿಗೆ 20 ಕುಣಿಕೆ ಹಾಕಿ. ಎಲ್ಲ ಸಾಲೂ ಸೀದಾ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಎಲ್ಲವೂ ಸೀದಾ ಆದರೆ ಹಾಸಿದಂತೆ ಮಲಗುತ್ತದೆ. ಆರು ಇಂಚು ಅಗಲ ಬರುತ್ತದೆ. ಅರವತ್ತು ಇಂಚು ಉದ್ದ ಸಾಕು. ಸುಮಾರು 200 ಗ್ರಾಂ ನೂಲು ಹಿಡಿಯುತ್ತದೆ. ಹೊಸ ಉಂಡೆಯನ್ನು ಸಾಲಿನ ತುದಿಯಲ್ಲೇ ಸೇರಿಸಿ. ನಡುವೆ ಗಂಟು ಹಾಕಿದರೆ ದಪ್ಪ ನೂಲಿನಲ್ಲಿ ಕಾಳಿನ ಹಾಗೆ ಎದ್ದು ಕಾಣುತ್ತದೆ. ಕೊನೆಯಲ್ಲಿ ಮುಚ್ಚುವಾಗ ಕೈ ಸಡಿಲವಿರಲಿ.

ಟೋಪಿಗೆ 64 ಕುಣಿಕೆ. ದೊಡ್ಡವರ ತಲೆಯ ಸುತ್ತಳತೆ ಸುಮಾರು 22 ಇಂಚು. ಹೆಣಿಗೆ ಜಗ್ಗುವುದರಿಂದ ಟೋಪಿ 20 ಇಂಚಿಗೆ ಇದ್ದರೇ ತಲೆಗೆ ಹಿಡಿದು ನಿಲ್ಲುತ್ತದೆ. ಎರಡು ಸೀದಾ, ಎರಡು ಉಲ್ಟಾ ಹಾಕುತ್ತ ಎರಡು ಇಂಚು ಪಟ್ಟಿ. ಆಮೇಲೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಒಟ್ಟು ಆರು ಇಂಚು ಆಗುವವರೆಗೆ. ಆಮೇಲೆ ಇಳಿಕೆ: ಆರು ಕುಣಿಕೆ ಹೆಣೆದು ಎರಡನ್ನು ಒಂದು ಮಾಡಿ, ಹೀಗೆ ಸಾಲು ಪೂರ್ತಿ. 64 ಇದ್ದದ್ದು 56 ಆಯಿತು. ಒಂದು ಸಾಲು ಬಿಟ್ಟು ಮುಂದಿನದರಲ್ಲಿ ಐದು ಹೆಣೆದು ಎರಡನ್ನು ಒಂದು ಮಾಡಿದರೆ 48. ಹೀಗೆ ಇಳಿಸುತ್ತ 8 ಉಳಿದಾಗ ನೂಲನ್ನು ಅವುಗಳೊಳಗೆ ಪೋಣಿಸಿ ಎಳೆದು ಬಿಗಿದು, ಪಕ್ಕ ಹೊಲಿಯಿರಿ. ಟೋಪಿ ಆಯಿತು. ನೂರು ಗ್ರಾಂ ಆಸುಪಾಸು ನೂಲು.

ಜೋಪಾನದ ಮಾತೂ ಹೇಳಿಬಿಡುತ್ತೇನೆ. ಕುರಿಯ ಉಣ್ಣೆಯನ್ನು ತಣ್ಣೀರಲ್ಲಿ ಅಂಟುವಾಳದ ನೊರೆಯಲ್ಲಿ ಅದ್ದಿ, ಹಿಂಡದೆ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ಬಿಸಿನೀರಲ್ಲಿ ಕುಕ್ಕಿದರೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಸರಿಯಾಗದು. ಮಲಗಿದ ಎಳೆಮಗುವಿಗೆ ದಪ್ಪ ಟೋಪಿ, ಕುತ್ತಿಗೆಗೆ ದಾರ, ಮಫ್ಲರ್ ಬೇಡ. ಮೈ ಕಾದುಹೋಗುತ್ತದೆ, ಉಸಿರಿಗೂ ಅಪಾಯ. ಗಂಡಸರೂ ಕೇಳಿ: ಮೇವು ಕತ್ತರಿಸುವ ಯಂತ್ರದ ಹತ್ತಿರ, ಬೈಕಿನ ಮೇಲೆ, ಮಫ್ಲರಿನ ತುದಿ ಜೋತಾಡಬಾರದು. ಒಳಗೆ ಸಿಕ್ಕಿಸಿಕೊಳ್ಳಿ.

ಇಷ್ಟು ಮನೆಯ ಮಾತಾಯಿತು. ಇನ್ನು ಕಾಸಿನ ಮಾತು. "ಇದನ್ನು ಹೆಣೆದು ಮಾರಬಹುದಾ?" ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಮಾರಬಹುದು. ಆದರೆ ಲೆಕ್ಕ ಬಿಡಬಾರದು.

ತೆಳು ನೂಲಿನಲ್ಲಿ ನಾಲ್ಕು ಇಂಚು ಚೌಕಕ್ಕೆ 28 ಕುಣಿಕೆ, 36 ಸಾಲು ಬರುತ್ತದೆ ಅಂದುಕೊಳ್ಳಿ: 1008 ಸಲ ಕೈ ಆಡಬೇಕು. ದಪ್ಪ ನೂಲಿನಲ್ಲಿ 13 ಕುಣಿಕೆ, 18 ಸಾಲು: 234 ಸಲ. ದುಡಿಮೆ ನಾಲ್ಕರಲ್ಲೊಂದು ಭಾಗಕ್ಕೂ ಕಡಿಮೆ ಆಯಿತು. ಇದೇ ದಪ್ಪ ನೂಲಿನ ಲಾಭ. ಆದರೆ ಅದೇ ಚೌಕಕ್ಕೆ ತೂಕ ಹೆಚ್ಚು ಹಿಡಿಯುತ್ತದೆ. ಕೂಲಿ ಉಳಿದದ್ದು ನೂಲಿನಲ್ಲಿ ಹೋಗುತ್ತದೆ. ಹಾಗಾಗಿ ದಪ್ಪ ಹೆಣಿಗೆಯಲ್ಲಿ ನೂಲನ್ನು ಯಾವ ದರಕ್ಕೆ ಕೊಳ್ಳುತ್ತೀರಿ ಅನ್ನುವುದೇ ಮುಖ್ಯ. ಒಂದು ಉದಾಹರಣೆ: ಮಫ್ಲರಿನ ನೂಲಿಗೆ 160 ರೂಪಾಯಿ, ಮಾರಿದ್ದು 250ಕ್ಕೆ. ತೊಂಬತ್ತು ಲಾಭ ಅಂತ ಹಿಗ್ಗುತ್ತೇವೆ. ಆರು ಗಂಟೆ ಕೂತಿದ್ದರೆ ಗಂಟೆಗೆ ಬಿದ್ದದ್ದು ಹದಿನೈದು ರೂಪಾಯಿ. ಕೂಲಿಗೆ ಹೋಗಿದ್ದರೆ ಹೆಚ್ಚು ಬರುತ್ತಿತ್ತು. "ಬಿಡುವಿನಲ್ಲಿ ಮಾಡಿದ್ದಲ್ಲವಾ" ಅನ್ನುತ್ತಾರೆ. ಹೆಂಗಸರ ಬಿಡುವಿಗೆ ಬೆಲೆ ಇಲ್ಲ ಎಂದು ಹೇಳಿಕೊಟ್ಟವರು ಯಾರು?

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬ್ರಿಟನ್ನಿನ ಬಡಗಣ ತುದಿಯಲ್ಲಿ ಶೆಟ್ಲೆಂಡ್ ಎಂಬ ದ್ವೀಪಗಳಿವೆ. ಅಲ್ಲಿನ ಹೆಂಗಸರ ಹೆಣಿಗೆ ಜಗತ್ಪ್ರಸಿದ್ಧ. ಅವರದು ಹೆಚ್ಚಾಗಿ ತೆಳು ನೂಲಿನ ಶಾಲುಗಳು, ಆದರೆ ಪಾಠ ನಮಗೂ ಸಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಶಾಲು ಹೆಣೆದು ಅಂಗಡಿಗೆ ಒಯ್ದರೆ ವ್ಯಾಪಾರಿ ದುಡ್ಡು ಕೊಡುತ್ತಿರಲಿಲ್ಲ. ಚಹಾಪುಡಿ, ಬಟ್ಟೆ ಕೊಡುತ್ತಿದ್ದ. ಮನೆಗೆ ಬೇಕಾದದ್ದು ಹಿಟ್ಟು. ಆ ಚಹಾಪುಡಿ ಹಿಡಿದು ಮನೆಮನೆ ತಿರುಗಿ ಹಿಟ್ಟಿಗೆ ಬದಲು ಮಾಡಿಕೊಳ್ಳಬೇಕಿತ್ತು. ಸರಕಾರ ವಿಚಾರಣೆ ನಡೆಸಿ 1872ರಲ್ಲಿ ವರದಿ ಹೊರಡಿಸಿತು. ಹೆಣೆಯುವ ಹೆಂಗಸರೇ ಮುಂದೆ ಬಂದು ಸಾಕ್ಷಿ ಹೇಳಿದ್ದರು. ಕೈಕಸಬಿಗೆ ಅವರಲ್ಲಿ ಕೊರತೆ ಇರಲಿಲ್ಲ. ಲೆಕ್ಕದ ಪುಸ್ತಕ ಮಾತ್ರ ಇನ್ನೊಬ್ಬರ ಕೈಯಲ್ಲಿತ್ತು.

ಇನ್ನೊಂದು ದೇಶ ಐಸ್‌ಲೆಂಡ್. ಹೆಸರೇ ಹಿಮದ್ದು. ಅಲ್ಲಿನ ಕುರಿಗೆ ಎರಡು ಪದರದ ಉಣ್ಣೆ: ಹೊರಗಿನದು ಉದ್ದ, ನೀರು ಜಾರಿಸುವಂಥದು; ಒಳಗಿನದು ಮೆತ್ತಗೆ, ಬೆಚ್ಚಗೆ. ಎರಡನ್ನೂ ಸೇರಿಸಿ, ಹೆಚ್ಚು ಹುರಿ ಹಾಕದೆ ಮಾಡುವ ನೂಲಿಗೆ ಲೋಪಿ ಎನ್ನುತ್ತಾರೆ. ಅದರಲ್ಲಿ ಹೆಣೆದ, ಕುತ್ತಿಗೆಯ ಸುತ್ತ ಚಿತ್ತಾರವಿರುವ ಸ್ವೆಟರ್ ಆ ದೇಶದ ಗುರುತೇ ಆಗಿದೆ. 1977ರಲ್ಲಿ ಅಲ್ಲಿನ ಹೆಣೆಯುವ ಹೆಂಗಸರು ಸೇರಿ ತಮ್ಮದೇ ಸಂಘ ಕಟ್ಟಿದರು. ತಾವು ಹೆಣೆದದ್ದನ್ನು ರಾಜಧಾನಿ ರೇಕ್ಯಾವಿಕ್‌ನಲ್ಲಿ ತಮ್ಮದೇ ಅಂಗಡಿಯಲ್ಲಿಟ್ಟು ಮಾರಿದರು. ಮುಂದೆ ಬೇರೊಂದು ತೊಡಕು ಬಂತು: ಐಸ್‌ಲೆಂಡಿನ ಉಣ್ಣೆಯನ್ನೇ ಹೊರದೇಶಕ್ಕೆ ಕಳಿಸಿ, ಅಲ್ಲಿ ಅಗ್ಗಕ್ಕೆ ಹೆಣೆಸಿ ತಂದು ಮಾರುವವರು ಹುಟ್ಟಿಕೊಂಡರು. ಕೊನೆಗೆ 2020ರಲ್ಲಿ ಆ ಸ್ವೆಟರಿನ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಐಸ್‌ಲೆಂಡ್ ಕುರಿಯ ಹೊಸ ಉಣ್ಣೆ ಇರಬೇಕು, ಐಸ್‌ಲೆಂಡಿನಲ್ಲೇ ಕೈಯಿಂದ ಹೆಣೆದಿರಬೇಕು. ಇಲ್ಲದಿದ್ದರೆ ಆ ಹೆಸರು ಹಾಕುವಂತಿಲ್ಲ.

ಎರಡು ಕಡೆಯೂ ಚಳಿ, ಕುರಿ, ಕಡ್ಡಿ, ಕುಶಲ ಕೈ. ಒಂದು ಕಡೆ ಒಬ್ಬೊಬ್ಬರೇ ಅಂಗಡಿಯವನ ಮುಂದೆ ನಿಂತರು. ಇನ್ನೊಂದು ಕಡೆ ಜೊತೆಯಾಗಿ ನಿಂತರು. ಸಹಕಾರ ಅಂದರೆ ಇದೇ ಎಂದು ಇಪ್ಪತ್ತೈದು ವರ್ಷ ಸಂಘ ನಡೆಸಿದ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಹಾಗಾಗಿ ಆಡಳಿತ ಮಂಡಳಿಯ ಮುಂದೆ ನಾಲ್ಕು ಬಿನ್ನಹ ಇಡುತ್ತೇನೆ.

ಒಂದು, ನೂಲನ್ನು ಒಟ್ಟಿಗೆ ಕೊಳ್ಳೋಣ. ಉಲ್ಲನ್ ಗಿರಣಿಗಳ ಊರು ಲೂಧಿಯಾನ. ಅಲ್ಲಿಂದ ಬರುವ ನೂಲು ನಮ್ಮ ಪೇಟೆಗೆ ಬರುವಷ್ಟರಲ್ಲಿ ಹಲವು ಕೈ ದಾಟಿರುತ್ತದೆ. ಗೊಬ್ಬರ, ಬೀಜಕ್ಕೆ ಮಾಡಿದಂತೆ ಇದಕ್ಕೂ ಸಗಟು ಖರೀದಿ ಮಾಡಬಹುದು. ಬೇಸಿಗೆಯಲ್ಲೇ ಕೊಳ್ಳಬೇಕು, ಚಳಿ ಬಂದ ಮೇಲೆ ಹೋದರೆ ಹೇಳಿದ ದರವೇ ದರ.

ಎರಡು, ಅಳತೆ ಒಂದೇ ಇರಲಿ. ಹತ್ತು ಜನ ಹೆಣೆದ ಹತ್ತು ಟೋಪಿ ಹತ್ತು ಅಳತೆ ಇದ್ದರೆ ಕೊಳ್ಳುವವರು ಎರಡನೇ ಸಲ ಬರುವುದಿಲ್ಲ. ಒಂದು ಮಾದರಿ ಚೌಕವನ್ನು ಸಂಘದ ಕಚೇರಿಯಲ್ಲೇ ತೂಗುಹಾಕಿ.

ಮೂರು, ಕೂಲಿಯ ದರ ಬರೆದಿಡಿ. ನೂಲಿನ ಖರ್ಚು ಬೇರೆ, ಕೈಕೂಲಿ ಬೇರೆ. ಕೈಕೂಲಿ ಗಿಟ್ಟದ ದರಕ್ಕೆ ಮಾರುವುದು ಬೇಡ. ಅಂಥ ಮಫ್ಲರನ್ನು ಮನೆಯವರಿಗೇ ಹಾಕಿ, ಪ್ರೀತಿಯಾದರೂ ಉಳಿಯುತ್ತದೆ.

ನಾಲ್ಕು, ಹೆಣೆದವಳ ದುಡ್ಡು ಹೆಣೆದವಳ ಹೆಸರಿನ ಖಾತೆಗೇ ಹೋಗಲಿ. ಗಂಡನ ಸಾಲದ ಬಾಕಿಗೆ ವಜಾ ಹಾಕಿಕೊಳ್ಳುವುದು ಬೇಡ. ಇದಕ್ಕೆ ಕೆಲವರ ಮುಖ ಗಂಟಾಗಬಹುದು. ಆದರೂ ಹೇಳುತ್ತೇನೆ. ದುಡ್ಡಿಗೆ ಬದಲು ಚಹಾಪುಡಿ ಕೊಟ್ಟ ವ್ಯಾಪಾರಿಗೂ ನಮಗೂ ವ್ಯತ್ಯಾಸ ಇರಬೇಕಲ್ಲ!

ಇದರಿಂದ ಯಾರೂ ಸಾಹುಕಾರರಾಗುವುದಿಲ್ಲ. ಯಂತ್ರದ ಮಾಲಿನ ದರಕ್ಕೆ ಕೈಹೆಣಿಗೆ ಎಂದೂ ನಿಲ್ಲಲಾರದು. ಚಳಿಗಾಲದ ಮೂರು ತಿಂಗಳ ಕೆಲಸ ಇದು. ಹಸು, ಹೊಲ, ಮನೆ ಬಿಟ್ಟು ಮಾಡುವಂಥದ್ದಲ್ಲ. ಆದರೆ ಮಗಳ ಪುಸ್ತಕಕ್ಕೆ, ತನ್ನ ಔಷಧಿಗೆ ಇನ್ನೊಬ್ಬರ ಕೈ ನೋಡದಷ್ಟು ಬಂದರೆ ಅದು ಕಡಿಮೆಯೇನಲ್ಲ.

ಈ ವರ್ಷ ಮೊದಲು ನಮ್ಮವರಿಗೇ ಹೆಣೆಯೋಣ. ಹಾಲು ಹಾಕಲು ಬರುವವರ ಕಿವಿ ಬೆಚ್ಚಗಾಗಲಿ, ಶಾಲೆಯ ಮಕ್ಕಳ ತಲೆ ಬೆಚ್ಚಗಾಗಲಿ. ಅಷ್ಟರಲ್ಲಿ ಕೈ ಪಳಗುತ್ತದೆ, ಅಳತೆ ಕೂಡುತ್ತದೆ. ಮುಂದಿನ ವರ್ಷ ಪೇಟೆಯ ಮಾತು.

ಸಂಘ ಚಿನ್ನದ ಹಬ್ಬ ಆಚರಿಸುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.