ಲಾಬೆ ನದಿ ನಾಡು ಬಿಡುವ ಊರು



ಊರಿನ ಚರಿತ್ರೆ ಬರೆಯುವ ಬಗೆ ಕುರಿತು ಮಾತಾಡಬೇಕೆಂದು ನೀವು ಕೇಳಿದಿರಿ. ಅದಕ್ಕಾಗಿ ನಾನು ಆರಿಸಿಕೊಂಡದ್ದು ಹ್ರೆನ್ಸ್ಕೊ ಎಂಬ ಪುಟ್ಟ ಊರನ್ನು. ಅದು ಜೆಕ್ ದೇಶದ ಉತ್ತರದ ಅಂಚಿನಲ್ಲಿ, ಜರ್ಮನಿಯ ಸ್ಯಾಕ್ಸನಿ ಪ್ರಾಂತಕ್ಕೆ ಅಂಟಿಕೊಂಡಿದೆ. ಅಲ್ಲಿ ನೆಲೆಸಿರುವವರು ಕೆಲವೇ ನೂರು ಮಂದಿ. ಅಲ್ಲಿನ ಗಡಿ ಐದೂವರೆ ಶತಮಾನಗಳಿಂದ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಜನ ಮಾತ್ರ ಎರಡು ಮೂರು ವರ್ಷಗಳಲ್ಲಿ ಬಹುತೇಕ ಬದಲಾಗಿಹೋದರು. ಇಂಥ ಊರಿನ ಕಥೆಯನ್ನು ಯಾರ ಕಥೆಯೆಂದು ಬರೆಯಬೇಕು?

ಮೊದಲು ನೆಲವನ್ನು ನೋಡೋಣ. ಜರ್ಮನರು ಎಲ್ಬೆ ಎಂದು ಕರೆಯುವ ಹೊಳೆಗೆ ಜೆಕ್ಕರು ಲಾಬೆ ಎನ್ನುತ್ತಾರೆ. ಜೆಕ್ ದೇಶದ ಭಾಗವಾದ ಬೊಹೀಮಿಯದ ಬಹುಪಾಲು ನೀರನ್ನು ಕೂಡಿಸಿಕೊಂಡು ಈ ನದಿ ದೇಶದಿಂದ ಹೊರಬೀಳುವುದು ಹ್ರೆನ್ಸ್ಕೊ ಬಳಿಯಲ್ಲೇ. ಸಮುದ್ರಮಟ್ಟದಿಂದ ಸುಮಾರು 115 ಮೀಟರ್ ಎತ್ತರದ ಈ ಜಾಗ ಇಡೀ ಜೆಕ್ ದೇಶದಲ್ಲಿ ಅತಿ ತಗ್ಗು. ಇಲ್ಲಿ ಪೂರ್ವದಿಂದ ಕಾಮೆನಿತ್ಸೆ ಎಂಬ ಕಿರುಹೊಳೆ ಬಂದು ಲಾಬೆಯನ್ನು ಸೇರುತ್ತದೆ. ಡೈನೋಸಾರ್‌ಗಳ ಕಾಲದಲ್ಲಿ ಕಡಲ ತಳದಲ್ಲಿ ಕೂತ ಮರಳು ಕಲ್ಲಾಗಿ, ಆ ಕಲ್ಲನ್ನು ಹೊಳೆ ಕೊರೆದು ಮಾಡಿದ ಇಕ್ಕಟ್ಟಾದ ಕಂದರದ ಬಾಯಲ್ಲಿ ಊರು ಕೂತಿದೆ. ಹೊಲ ಉಳಲು ಜಾಗವಿಲ್ಲ. ಮನೆಗಳು ಬಂಡೆಗೆ ಬೆನ್ನು ಕೊಟ್ಟು ನಿಂತಿವೆ. ಊರಿನ ಮೇಲಿನ ಕಾಡಿನಲ್ಲಿರುವ ಪ್ರಾವ್ಚಿಟ್ಸ್ಕಾ ಬ್ರಾನಾ ಎಂಬ ಕಲ್ಲಿನ ಕಮಾನು ಯೂರೋಪಿನ ಮರಳುಗಲ್ಲಿನ ಸಹಜ ಕಮಾನುಗಳಲ್ಲೇ ದೊಡ್ಡದು, ಅಗಲ 26.5 ಮೀಟರ್, ಕಮಾನಿನ ಕೆಳಗಿನ ಎತ್ತರ 16 ಮೀಟರ್.

ಉಳುವ ಭೂಮಿಯಿಲ್ಲದ ಊರು ಬದುಕಿದ್ದು ಹಾದುಹೋಗುವುದನ್ನು ನಂಬಿ. ಮೊದಲು ಮರ. ಒಳನಾಡಿನಲ್ಲಿ ಕಡಿದ ದಿಮ್ಮಿಗಳನ್ನು ಕಾಮೆನಿತ್ಸೆಯಲ್ಲಿ ತೇಲಿಬಿಟ್ಟು, ಇಲ್ಲಿ ತೆಪ್ಪ ಕಟ್ಟಿ, ಲಾಬೆಯಲ್ಲಿ ಸ್ಯಾಕ್ಸನಿಗೆ ಸಾಗಿಸುತ್ತಿದ್ದರು. ತೆಪ್ಪದವರು ತಂಗುವ ಛತ್ರದ ಸುತ್ತಲೇ ಊರು ಬೆಳೆಯಿತು. ಆಮೇಲೆ ಮೀನು. ಉತ್ತರ ಸಮುದ್ರದಿಂದ ಮೊಟ್ಟೆಯಿಡಲು ಮೇಲೇರಿ ಬರುತ್ತಿದ್ದ ಸಾಲ್ಮನ್ ಇಲ್ಲಿ ಬಲೆಗೆ ಬೀಳುತ್ತಿತ್ತು. ಇಪ್ಪತ್ತನೆಯ ಶತಮಾನದ ಮಾಲಿನ್ಯ, ಅಣೆಕಟ್ಟುಗಳು ಆ ಮೀನನ್ನು ಅಳಿಸಿದವು. 1998ರಿಂದ ಕಾಮೆನಿತ್ಸೆಗೆ ಮತ್ತೆ ಸಾಲ್ಮನ್ ಮರಿಗಳನ್ನು ಬಿಡುತ್ತಿದ್ದಾರೆ.

ಮೂರನೆಯದು ಪ್ರವಾಸಿ. 1851ರಲ್ಲಿ ಪ್ರಾಗ್ ಮತ್ತು ಡ್ರೆಸ್ಡೆನ್ ನಡುವೆ ರೈಲು ಬಂತು. ಹಳಿ ಬಿದ್ದದ್ದು ಎಡದಂಡೆಯಲ್ಲಿ, ಊರು ಇರುವುದು ಬಲದಂಡೆಯಲ್ಲಿ. ಇವತ್ತಿಗೂ ಆಚೆ ದಡದ ಶೋನಾ ನಿಲ್ದಾಣದಲ್ಲಿ ಇಳಿದವರು ದೋಣಿಯಲ್ಲಿ ಹೊಳೆ ದಾಟಿದರೆ ಇನ್ನೊಂದು ದೇಶ. ಇಲ್ಲಿನ ಜಮೀನ್ದಾರಿ ಮನೆತನವಾದ ಕ್ಲಾರಿ-ಆಲ್ಡ್ರಿಂಗೆನ್ 1881ರಲ್ಲಿ ಕಲ್ಲಿನ ಕಮಾನಿನ ಪಕ್ಕ 'ಗಿಡುಗನ ಗೂಡು' ಎಂಬ ಹೋಟೆಲ್ ಕಟ್ಟಿಸಿತು. ಕಾಮೆನಿತ್ಸೆಯ ಕಂದರ ಅದುವರೆಗೆ ಕಾಲಿಡಲಾಗದ ಜಾಗವಾಗಿತ್ತು. ಬಂಡೆ ಒಡೆದು ಸುರಂಗ ತೋಡುವುದರಲ್ಲಿ ಪಳಗಿದ ಇಟಲಿಯ ಕೂಲಿಗಳು ಬಂದು, ಗೋಡೆಯಂಥ ಬಂಡೆಯ ಮೈಗೆ ಕಾಲುದಾರಿ ಕೆತ್ತಿದರು. ನೀರನ್ನು ಕಟ್ಟೆ ಹಾಕಿ ನಿಲ್ಲಿಸಿ ದೋಣಿ ಬಿಟ್ಟರು. 1890ರಲ್ಲಿ ತೆರೆದ ಆ ದಾರಿಗೆ ಕ್ಲಾರಿ-ಆಲ್ಡ್ರಿಂಗೆನ್ ಮನೆತನದ ರಾಜಕುಮಾರ ಎಡ್ಮಂಡ್‌ನ ಹೆಸರಿಟ್ಟರು. ಹೆಸರು ರಾಜಕುಮಾರನದು, ಸುತ್ತಿಗೆ ಹಿಡಿದವರು ಇಟಲಿಯವರು, ದೋಣಿ ನಡೆಸಿದವರು ಊರಿನ ಜರ್ಮನ್ ಭಾಷಿಕರು. ಒಂದು ಕಾಲುದಾರಿಯ ಕಥೆ ಬರೆಯಲು ಹೊರಟರೂ ಮೂರು ಬಗೆಯ ಜನ ಎದುರಾಗುತ್ತಾರೆ.

ಗಡಿಯ ವಿಷಯಕ್ಕೆ ಬರುತ್ತೇನೆ. 1459ರ ಒಪ್ಪಂದದಲ್ಲಿ ಬೊಹೀಮಿಯ, ಸ್ಯಾಕ್ಸನಿಗಳು ಗಡಿನಾಡಿನ ಪರ್ವತಸಾಲಿನ ನೆತ್ತಿಯನ್ನೂ ಎಲ್ಬೆಯ ನಡುಮಧ್ಯವನ್ನೂ ಗಡಿಯೆಂದು ಒಪ್ಪಿಕೊಂಡವು. ಯೂರೋಪಿನಲ್ಲಿ ಇಷ್ಟು ಕಾಲ ಬಾಳಿದ ಗಡಿಗಳು ವಿರಳ. ಗಡಿಯ ಎರಡೂ ಕಡೆ ಆಡುತ್ತಿದ್ದುದು ಜರ್ಮನ್ನೇ. ಆಗ ಊರಿನ ಹೆಸರು ಹೆರ್ನ್ಸ್‌ಕ್ರೆಟ್ಷೆನ್. 1918ರಲ್ಲಿ ಚೆಕೊಸ್ಲೊವಾಕಿಯ ಹುಟ್ಟಿದಾಗ ಊರಿನ ಜರ್ಮನ್ ಭಾಷಿಕರು ಹೊಸ ದೇಶದ ಅಲ್ಪಸಂಖ್ಯಾತರಾದರು. 1938ರ ಮ್ಯೂನಿಕ್ ಒಪ್ಪಂದ, ಚೆಕೊಸ್ಲೊವಾಕಿಯವನ್ನು ಕೇಳದೆಯೇ, ಈ ಗಡಿಪಟ್ಟಿಯನ್ನು ಹಿಟ್ಲರನಿಗೆ ಕೊಟ್ಟಿತು. ನಾಜಿಗಳು ಜೆಕ್ಕರಿಗೂ ಯೆಹೂದಿಗಳಿಗೂ ಮಾಡಿದ ಕ್ರೌರ್ಯವನ್ನು ಒಂದು ಕ್ಷಣವೂ ಮರೆಯಬಾರದು. ಹಾಗೆಯೇ ಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯದಿಂದ ಸುಮಾರು ಮೂವತ್ತು ಲಕ್ಷ ಜರ್ಮನ್ ಭಾಷಿಕರನ್ನು ಹೊರದೂಡಿದ್ದನ್ನೂ ಮರೆಯಬಾರದು. ಅವರು ಒಯ್ದದ್ದು ಕೈಯಲ್ಲಿ ಹಿಡಿಯುವಷ್ಟು ಗಂಟು, ಅಷ್ಟೇ. ಖಾಲಿಯಾದ ಗಡಿನಾಡಿಗೆ ಒಳನಾಡಿನ ಜೆಕ್ಕರು, ಸ್ಲೊವಾಕಿಯದವರು, ಇನ್ನೂ ದೂರದವರು ಬಂದರು. ಅವರಲ್ಲಿ ಬಹಳ ಮಂದಿ ಬಡವರು. ಅವರ ಬದುಕಿನ ಮೇಲೆ ತಪ್ಪು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

1989ರ ನಂತರ ಗಡಿ ತೆರೆಯಿತು. ರಸ್ತೆಯ ಇಕ್ಕೆಲಗಳಲ್ಲಿ ವಿಯೆಟ್ನಾಮೀ ವ್ಯಾಪಾರಿಗಳ ಅಂಗಡಿಗಳು ಎದ್ದವು. 2000ದಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2007ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ತಪಾಸಣೆಯೂ ನಿಂತಿತು.

ಆದರೆ ಹಳೆಯ ಅರಣ್ಯನೀತಿ ಸಾಲ ವಸೂಲಿಗೆ ಬಂತು. ಹಿಂದಿನವರು ದಿಮ್ಮಿಯ ಆಸೆಗೆ ಬೆರಕೆ ಕಾಡಿನ ಜಾಗದಲ್ಲಿ ಸ್ಪ್ರೂಸ್ ಒಂದನ್ನೇ ನೆಟ್ಟಿದ್ದರು. 2018ರ ಬರ, ಅದರ ಹಿಂದೆಯೇ ತೊಗಟೆ ಕೊರೆಯುವ ಹುಳು ಬಂದು ಮರಗಳು ನಿಂತಲ್ಲೇ ಒಣಗಿದವು. 2021ರ ಜುಲೈನಲ್ಲಿ ಕಾಮೆನಿತ್ಸೆ ಉಕ್ಕಿ ಊರಿಗೆ ನುಗ್ಗಿತು. ಮರುವರ್ಷ ಅದೇ ತಿಂಗಳು ಕಾಡಿಗೆ ಬೆಂಕಿ ಬಿತ್ತು. ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಸುಟ್ಟಿತು. ಹ್ರೆನ್ಸ್ಕೊಗೆ ಸೇರಿದ ಮೆಜ್ನಾ ಹಳ್ಳಿಯಲ್ಲಿ ಮನೆಗಳು ಉರಿದವು. ಇಟಲಿ, ಸ್ವೀಡನ್‌ಗಳ ವಿಮಾನಗಳು ನೀರು ಸುರಿದವು. ಆಚೆಯ ಸ್ಯಾಕ್ಸನಿಯ ಕಾಡೂ ಉರಿಯಿತು. ಬೆಂಕಿಗೆ 1459ರ ಒಪ್ಪಂದ ಗೊತ್ತಿರಲಿಲ್ಲ.

ನನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಚರಿತ್ರೆ ಮೊದಲು ಜಾಗದ್ದು. ಆ ಜಾಗದಲ್ಲಿ ದುಡಿದು ಬಾಳಿದ ಎಲ್ಲರಿಗೂ ಅದರಲ್ಲಿ ಪಾಲಿದೆ. ಓಡಿಸಲ್ಪಟ್ಟವರಿಗೂ ಬಂದು ನೆಲೆಸಿದವರಿಗೂ ಕೂಲಿಗೆಂದು ಬಂದು ಹೋದವರಿಗೂ. ಹ್ರೆನ್ಸ್ಕೊದ ಹಳೆಯ ದಾಖಲೆಗಳು ಜರ್ಮನ್‌ನಲ್ಲಿವೆ, ಈಗಿನವು ಜೆಕ್‌ನಲ್ಲಿ. ಒಂದನ್ನೇ ಓದಿದವರು ಅರ್ಧ ಊರನ್ನಷ್ಟೇ ಬರೆಯುತ್ತಾರೆ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಇಷ್ಟೇ: ನೀವು ಯಾವ ಊರಿನ ಚರಿತ್ರೆಗೆ ಕೈಹಾಕಿದರೂ, ಅಲ್ಲಿಂದ ಹೊರಟುಹೋದವರ ಭಾಷೆಯನ್ನು ಮೊದಲು ಕಲಿಯಿರಿ.